ಅರಸೀಕೆರೆಗೆ ಬಂದ ಆರು ಇಳಕಲ್ ಸೀರೆ

ಬಾಯಿಗೆ ಹಾಕಿಕೊಂಡದ್ದನ್ನು ಅಗಿಯಬಾರದು ಎಂದು ನನಗೆ ಮೊದಲ ಸಲ ಯಾರಾದರೂ ಹೇಳಿದ್ದು ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅರಸೀಕೆರೆಯ ಒಂದು ಅಡುಗೆಮನೆಯಲ್ಲಿ. ಎದುರಿಗೆ ತಟ್ಟೆ, ತಟ್ಟೆಯ ನಡುವೆ ಹೊಗೆಯಾಡುವ ಒಂದು ಕಪ್ಪು ಉಂಡೆ, ಸುತ್ತ ಸೊಪ್ಪಿನ ಸಾರು. ರೈಲಿನಲ್ಲಿ ಬಂದು ಹಸಿದಿದ್ದೆ. ಒಂದು ತುಂಡು ಮುರಿದು ಬಾಯಿಗಿಟ್ಟು, ಹುಟ್ಟಿದಂದಿನಿಂದ ಮಾಡಿಕೊಂಡು ಬಂದಂತೆ ಅಗಿಯತೊಡಗಿದೆ. ಅದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಅಂಟಿಕೊಂಡು, ನನ್ನ ಬಾಯಿಯನ್ನೇ ಯಾರೋ ಹೊಲಿದು ಹಾಕಿದಂತಾಯಿತು.

"ಅಯ್ಯೋ, ಅಗೀಬ್ಯಾಡ ಕಣೇ! ನುಂಗು! ನುಂಗ್ಬುಡು!" ಎಂದು ಮನೆಯ ಮಾಲೀಕರಾದ ನಂಜಮ್ಮ ಎದ್ದು ಬಂದರು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದೆ. ನಮ್ಮ ಮನೆಯವರು ಪಕ್ಕದಲ್ಲಿ ಕೂತು ನಗುತ್ತಿದ್ದರು. ಅವರು ಎರಡು ತಿಂಗಳು ಮೊದಲೇ ಬಂದು ನುಂಗುವುದನ್ನು ಕಲಿತಿದ್ದರು. ಇದೆಂಥ ಊರಿಗೆ ಕರೆದುಕೊಂಡು ಬಂದನಪ್ಪ ಈ ಮನುಷ್ಯ ಎಂದು ಅವತ್ತು ಮನಸ್ಸಿನಲ್ಲೇ ಬೈದುಕೊಂಡೆ.

ಇಳಕಲ್ಲಿನ ಕಡೆಯ ನನ್ನ ಓದುಗರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದೇ ರಾಜ್ಯ, ಒಂದೇ ಭಾಷೆ, ಅದೇನು ಪರದೇಶವೇ ಎಂದು ನೀವು ಕೇಳುತ್ತೀರಿ; ನನ್ನ ವೈನಿಯೂ, ಅಂದರೆ ಅಣ್ಣನ ಹೆಂಡತಿಯೂ, ಹಾಗೇ ಕೇಳುತ್ತಾಳೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಅರಸೀಕೆರೆಯಲ್ಲಿ ಇಳಿದರೆ ಮುಗಿಯಿತು, ಪಾಸ್‌ಪೋರ್ಟು ಬೇಕಿಲ್ಲ, ನಿಜ. ಆದರೆ ನಾನು ಆಡಿದ್ದು ಇಲ್ಲಿಯವರಿಗೆ ಅರ್ಥವಾಗುತ್ತಿತ್ತು, ತಪ್ಪಾಗಿ ಅರ್ಥವಾಗುತ್ತಿತ್ತು. ಭಾಷೆಯೇ ಬೇರೆ ಇದ್ದಿದ್ದರೆ ಕೈಸನ್ನೆ ಮಾಡಿ ಬದುಕಬಹುದಿತ್ತು.

ನಮ್ಮ ಮನೆಯವರಿಗೆ ರೈಲ್ವೆಯಲ್ಲಿ ನೌಕರಿ. ಅರಸೀಕೆರೆ ಜಂಕ್ಷನ್ನಿಗೆ ವರ್ಗವಾದಾಗ ಮಗಳು ಸುಮಾಗೆ ಒಂದೂವರೆ ವರ್ಷ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಂಜಮ್ಮನ ಮನೆ. ಮುಂದಿನ ಭಾಗದಲ್ಲಿ ಅವರು, ಹಿಂದಿನ ಎರಡು ಕೋಣೆಯಲ್ಲಿ ನಾವು, ನಡುವೆ ಒಂದು ಗೋಡೆ ಮತ್ತು ಎರಡೂ ಮನೆಗೆ ಸೇರಿ ಒಂದೇ ಬಚ್ಚಲು. ಅವರ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಕಣಕಟ್ಟೆಯ ಹತ್ತಿರ ತೆಂಗಿನ ತೋಟವಿತ್ತು, ಅದನ್ನು ಮಗ ನೋಡಿಕೊಳ್ಳುತ್ತಿದ್ದ. ತೋಟದ ಕಾಯಿಗಳು ನಮ್ಮಿಬ್ಬರ ತಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಯಾಗಲು ಕಾಯುತ್ತಿದ್ದವು. ಸುಲಿಯದ ಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ತಾನೇ ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಗುಂಡಗೆ ಗಲಗಲ ಅನ್ನುತ್ತದೆ. ಇಲಿ ಓಡಾಡಿದಾಗಲೆಲ್ಲ ಆ ಸದ್ದು. ಮೊದಲ ವಾರ ದೆವ್ವವೆಂದು ಹೆದರಿ ಸುಮಾಳನ್ನು ಅಪ್ಪಿಕೊಂಡು ಮಲಗುತ್ತಿದ್ದೆ.

ನಮ್ಮದು ಐತಿ, ಅವರದು ಐತೆ. ನಮ್ಮ ಗುಡಿಸು ಅವರ ಬಾಯಲ್ಲಿ ಎತ್ವ ಆಗುತ್ತದೆ, ಅಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆ. ಹೊಲಿಗೆ ಮಷೀನು ಹಾಕಿಕೊಂಡ ಮೇಲೆ ನನಗೆ ಬುದ್ಧಿ ಬಂತು. ಮೊದಲನೆಯ ಗಿರಾಕಿ ಒಬ್ಬ ಶಾಲೆ ಟೀಚರು, ಮೈಕೈ ತುಂಬಿದ ಹೆಂಗಸು. ಅವರ ರೇಷ್ಮೆ ಸೀರೆ ಬಿಡಿಸಿ ನೋಡಿ, ಖುಷಿಯಿಂದ, "ನಿಮ್ಮ ದಡಿ ಬಾಳ ದಪ್ಪ ಐತ್ರಿ, ಚಲೋ ಕಾಣ್ತೈತಿ" ಎಂದೆ. ಅವರ ಮುಖ ಕೆಂಪಾಯಿತು. ಸೀರೆ ಮಡಿಚಿಕೊಂಡು ಹೊರಟೇ ಬಿಟ್ಟರು. ನಮ್ಮಲ್ಲಿ ದಡಿ ಎಂದರೆ ಸೀರೆಯ ಅಂಚು. ಇಲ್ಲಿ ದಡಿ ಎಂದರೆ ದೊಣ್ಣೆ, ದಪ್ಪಗಿರುವವರನ್ನು ದಡಿಯ ಅನ್ನುತ್ತಾರೆ. ನಂಜಮ್ಮ ಅವರ ಹಿಂದೆ ಓಡಿ, ಬೀದಿಯ ತಿರುವಿನಲ್ಲಿ ಹಿಡಿದು, "ಮೇಡಂ, ಅವ್ಳು ಅಂಚಿಗೆ ಅಂಗಂದ್ಳಂತೆ, ನಿಮಗಲ್ಲ. ಹುಬ್ಳಿ ಕಡೆ ಹುಡ್ಗಿ, ಮಾತು ಒರಟು, ಕೈ ಚೆನ್ನಾಗೈತೆ" ಎಂದು ಕರೆದುಕೊಂಡು ಬಂದರು. ಆ ಟೀಚರು ಇವತ್ತಿಗೂ ನನ್ನಲ್ಲೇ ರವಿಕೆ ಹೊಲಿಸುತ್ತಾರೆ, ಪ್ರತಿ ಸಲ ಸೀರೆ ಕೊಡುವಾಗ, "ದಡಿ ನೋಡ್ಕೊಳಮ್ಮ" ಎಂದು ಛೇಡಿಸುತ್ತಾರೆ.

ಹೀಗೆ ನಂಜಮ್ಮ ನನ್ನ ಮಾತಿಗೆ ಅರ್ಥ ಹೇಳುವವರಾದರು. ನನ್ನ ತವರೂರಿನಲ್ಲಿ ಒಂದು ಮನೆಯಲ್ಲಿ ಹೆರಿಗೆಯಾದರೂ ಹತ್ತು ಮನೆಯವರು ಬರುತ್ತಾರೆ. ಇಲ್ಲಿ ನಂಜಮ್ಮ ಒಬ್ಬರೇ ಆ ಹತ್ತು ಮನೆಯ ಕೆಲಸ ಮಾಡಿದರು. ಬಸ್ಸಾರು ಕಲಿಸಿದರು, ಉಪ್ಸಾರು ಕಲಿಸಿದರು. ಕಾಳು ಸೊಪ್ಪು ಬೇಯಿಸಿ ನೀರು ಬಸಿದರೆ ಆ ನೀರೇ ಸಾರು, ಉಳಿದದ್ದೇ ಪಲ್ಯ. ಒಂದು ಪಾತ್ರೆಯಲ್ಲಿ ಎರಡು ಅಡುಗೆ, ಯಾವುದೂ ಹಾಳಿಲ್ಲ. ಅದು ನನಗೆ ತುಂಬ ಹಿಡಿಸಿತು, ಏಕೆಂದರೆ ನನ್ನ ಅವ್ವನೂ ಹಾಗೇ ಬದುಕಿದವಳು. ಬದಲಿಗೆ ನಾನು ಭಾನುವಾರ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಆ ಸದ್ದು ಕೇಳಿ ನಂಜಮ್ಮ ತಾವೇ ತಟ್ಟೆ ಹಿಡಿದುಕೊಂಡು ಬಂದು ಒಲೆಯ ಪಕ್ಕ ಕೂರುತ್ತಿದ್ದರು. ಇಲ್ಲಿಯವರು ಚಟ್ನಿಪುಡಿ ಅನ್ನುವ ನಮ್ಮ ಶೇಂಗಾ ಹಿಂಡಿಗೆ ಎಣ್ಣೆ ಹಾಕಿಕೊಂಡು, "ಹಲ್ಲಿರೋ ಜನದ ಊಟ ಕಣೇ ಇದು" ಎನ್ನುತ್ತಾ ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ ಹೊರಳಿಸಿ ಹೊರಳಿಸಿ ತಿನ್ನುತ್ತಿದ್ದರು.

ಬಟ್ಟೆಯ ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಪ್ಪುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಸೀರೆ ಹಳೆಯದಾದರೆ ಹರಿದು ಮಸಿಬಟ್ಟೆ, ಅಲ್ಲಿಂದಾಚೆ ತಿಪ್ಪೆ. ನಾನು ನೇಕಾರರ ಮಗಳು. ಅಪ್ಪ ಮಗ್ಗದಲ್ಲಿ ಕೂತರೆ ಅವ್ವ ಪಕ್ಕದಲ್ಲಿ ಕೂತು ನೂಲು ಸುತ್ತಿಕೊಡುತ್ತಿದ್ದಳು. ಒಂದೊಂದು ಎಳೆಗೂ ಎಷ್ಟು ದುಡಿಮೆ ಎಂದು ಕಂಡವಳಿಗೆ ಬಟ್ಟೆ ಎಸೆಯಲು ಕೈ ಬರುವುದಿಲ್ಲ. ನಂಜಮ್ಮನ ಮಾಸಿದ ಹಸಿರು ಸೀರೆಯೊಂದನ್ನು ಬೇಡಿ ತೆಗೆದುಕೊಂಡು, ಸವೆದ ಭಾಗ ಕತ್ತರಿಸಿ ಬಿಟ್ಟು, ಅಂಚನ್ನು ಕೆಳಗೆ ಬರುವಂತೆ ಹಿಡಿದು, ಸುಮಾಗೆ ಉದ್ದ ಲಂಗ ಹೊಲಿದೆ. ಸೆರಗಿನಲ್ಲಿ ಪುಟ್ಟ ರವಿಕೆಯಾಯಿತು, ಉಳಿದ ಚೂರಿನಲ್ಲಿ ಜಡೆಗೆ ಟೇಪು.

ಆ ಲಂಗ ಹಾಕಿಕೊಂಡು ಸುಮಾ ನಮ್ಮ ಜೊತೆ ಬೇಲೂರು, ಹಳೇಬೀಡಿಗೆ ಬಂದಳು. ನಂಜಮ್ಮನೂ ಬಂದಿದ್ದರು, ಅವರ ತವರು ಹಳೇಬೀಡಿನ ಪಕ್ಕದ ಹಳ್ಳಿ. ಅವರು ಚಿತ್ರಾನ್ನ ಕಟ್ಟಿದ್ದರು, ನಾನು ರೊಟ್ಟಿ ಕಟ್ಟಿದ್ದೆ. ದೇವಸ್ಥಾನದ ಗೋಡೆಯ ಶಿಲಾಬಾಲಿಕೆಯರನ್ನು ತಲೆಯೆತ್ತಿ ನೋಡಿ ಸುಮಾ, "ಅಮ್ಮ, ಇವರ ರವಿಕೆ ಯಾರೂ ಹೊಲೀಲಿಲ್ವಾ?" ಎಂದು ಗಟ್ಟಿಯಾಗಿ ಕೇಳಿದಳು. ಸುತ್ತ ಇದ್ದವರೆಲ್ಲ ನಕ್ಕರು. ಅವರಲ್ಲೊಬ್ಬ ಬೆಂಗಳೂರಿನ ಹೆಂಗಸು, "ಈ ಲಂಗ ಎಲ್ಲಿ ತಗೊಂಡ್ರಿ?" ಎಂದಳು. ನಾನು ಬಾಯಿ ತೆಗೆಯುವ ಮೊದಲೇ ನಂಜಮ್ಮ ಸೆರಗು ಸರಿಮಾಡಿಕೊಂಡು, "ನಂದೇ ಸೀರೆ. ನಮ್ಮುಡ್ಗಿ ಹೊಲ್ದಿದ್ದು" ಎಂದರು. ನಮ್ಮುಡ್ಗಿ ಎಂದದ್ದನ್ನು ನಾನು ಆಮೇಲೆ ಕೆರೆ ಏರಿಯ ಮೇಲೆ ಊಟ ಮಾಡುವಾಗ ಮತ್ತೆ ಮತ್ತೆ ನೆನೆಸಿಕೊಂಡೆ. ಮುಂದಿನ ದೀಪಾವಳಿಗೆ ನಮ್ಮ ಬೀದಿಯ ಹುಡುಗಿಯರು ಒಬ್ಬೊಬ್ಬರಾಗಿ ತಮ್ಮ ಅಜ್ಜಿಯರ ಸೀರೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಈ ಊರಿನಲ್ಲಿ ನಾನು ಕಾಲೂರಿದ್ದು ಆ ದೀಪಾವಳಿಯಲ್ಲಿ.

ಇಷ್ಟು ಸುಖವನ್ನು ಬರೆದದ್ದು ಏಕೆಂದರೆ ಮುಂದಿನದನ್ನು ಬರೆಯಲು ಮನಸ್ಸು ಹಿಂಜರಿಯುತ್ತಿದೆ.

ಹೋದ ವರ್ಷ ಯುಗಾದಿ ಕಳೆದು ಹದಿನೈದು ದಿನಕ್ಕೆ ಅವ್ವ ತೀರಿಕೊಂಡಳು. ಬೆಳಿಗ್ಗೆ ಅಣ್ಣನ ಮಗ್ಗಕ್ಕೆ ನೂಲು ಸುತ್ತುತ್ತಾ ಕೂತವಳು ಅಲ್ಲೇ ಒರಗಿದಳಂತೆ. ಅಣ್ಣ ಫೋನು ಮಾಡಿದಾಗ ನಾನು ಯಾರದೋ ರವಿಕೆಗೆ ಕೊಕ್ಕೆ ಹಚ್ಚುತ್ತಿದ್ದೆ. ಸಿಕ್ಕ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬಸ್ಸಿಗೆ ಕಾದು, ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಿಸಿಲು, ಇಡುವ ಹಾಗಿರಲಿಲ್ಲ ಎಂದರು. ಯಾರ ತಪ್ಪೂ ಅಲ್ಲ. ಅವ್ವನ ಮುಖ ನನಗೆ ಸಿಗಲಿಲ್ಲ.

ಸಿಕ್ಕಿದ್ದು ಸೀರೆ. ದಿನಕರ್ಮ ಮುಗಿದ ಮೇಲೆ ವೈನಿ ಅವ್ವನ ಟ್ರಂಕಿನಿಂದ ಆರು ಸೀರೆ ತೆಗೆದು ನನ್ನ ಮುಂದಿಟ್ಟಳು. ಆರೂ ಅಪ್ಪ ನೇಯ್ದವು. ಅಂಗಡಿಗೆ ಕೊಡುವ ಸೀರೆಗಳ ನಡುವೆ ಬಿಡುವು ಮಾಡಿಕೊಂಡು, ಕೆಂಪು ರೇಷ್ಮೆ ಸೆರಗನ್ನು ಹತ್ತಿಯ ಮೈಗೆ ಒಂದೊಂದೇ ಎಳೆ ಕೊಂಡಿ ಹಾಕಿ ಸೇರಿಸಿ, ಅಪ್ಪ ಅವ್ವನಿಗೆಂದೇ ನೇಯ್ದವು. "ಕೌದಿ ಮಾಡು ನೀ. ನಿನ್ನ ಕೈ ಚಲೋ ಐತಿ. ವರ್ಷದ ದಿನಕ್ಕ ತೊಗೊಂಡು ಬಾ, ಮಾಮಾ ಹೊದ್ಕೊಳ್ಳಿ" ಎಂದಳು, ಮಾಮಾ ಎಂದರೆ ಅವಳ ಮಾವ, ನನ್ನ ಅಪ್ಪ. ನಮ್ಮ ಕಡೆ ಇದನ್ನು ಯಾರಿಗೂ ವಿವರಿಸಿ ಹೇಳಬೇಕಿಲ್ಲ. ಸತ್ತವಳ ಸೀರೆಯನ್ನು ಪದರ ಪದರ ಇಟ್ಟು ಕೈಹೊಲಿಗೆ ಹಾಕಿ ಕೌದಿ ಮಾಡಿದರೆ, ಅವಳು ಮನೆಯವರನ್ನೆಲ್ಲ ಹೊದಿಸಿಕೊಂಡು ಮಲಗಿದ ಹಾಗೆ. ಅಪ್ಪನಿಗೆ ಕಣ್ಣು ಮಂಜಾಗಿ ಮಗ್ಗ ಬಿಟ್ಟು ಎರಡು ವರ್ಷವಾಗಿತ್ತು. ಅವನು ಕತ್ತೆತ್ತದೆ, "ಹರಿಬ್ಯಾಡ, ನೋಡಿ ಕತ್ತರಸು" ಎಂದನು. ಆಗಲಿ ಅಪ್ಪ ಎಂದು ಮಾತು ಕೊಟ್ಟೆ.

ಕೊಟ್ಟ ಮಾತಿನ ಗಂಟು ಅಟ್ಟದ ಮೇಲೆ ಉಳಿಯಿತು. ಒಂದೆರಡು ಸಲ ಇಳಿಸಿ, ಬಿಚ್ಚಿ, ಕತ್ತರಿ ಕೈಗೆ ತೆಗೆದುಕೊಂಡೆ. ದಿನಕ್ಕೆ ಹತ್ತು ಜನರ ಬಟ್ಟೆ ಕತ್ತರಿಸುವ ನನಗೆ ಆ ಬಟ್ಟೆಯ ಮೇಲೆ ಕತ್ತರಿ ಆಡಲಿಲ್ಲ. ಸೀರೆಯಲ್ಲಿ ಇನ್ನೂ ಅವ್ವನ ವಾಸನೆ ಇತ್ತು, ಎಲೆಯಡಿಕೆ ಮತ್ತು ಗಂಜಿಯದು. ಮತ್ತೆ ಕಟ್ಟಿ ಮೇಲಿಟ್ಟೆ. ಹೀಗೇ ನಾಲ್ಕು ತಿಂಗಳು.

ಶ್ರಾವಣದಲ್ಲಿ ಸುಮಾಗೆ ಜ್ವರ ಬಂತು. ಎರಡು ದಿನ ಇಳಿಯುತ್ತಿತ್ತು, ಮೂರನೆಯ ದಿನ ಏರುತ್ತಿತ್ತು. ಮೂರು ವಾರ ಹಾಗೇ ನಡೆದು ಹುಡುಗಿ ಕಡ್ಡಿಯಾದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಗುಳಿಗೆ ಬದಲಾಯಿಸಿದರು, ಎರಡು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ನಾನು ಅಲ್ಲಿದ್ದೆ. ನಮ್ಮ ಮನೆಯ ಬೀಗದ ಕೈ ಎಂದಿನಂತೆ ನಂಜಮ್ಮನ ಹತ್ತಿರ ಇತ್ತು.

ಮೂರನೆಯ ದಿನ ಸುಮಾಳ ಮೈ ತಣ್ಣಗಾಗಿ ಮನೆಗೆ ಬಂದೆವು. ನಂಜಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ದೃಷ್ಟಿ ತೆಗೆದರು, ಮಗುವಿನ ಹಣೆ ಮುಟ್ಟಿ ನೋಡಿದರು, ಮುಖ ಅರಳಿತು.

"ನೋಡ್ದಾ? ನಂಗೊತ್ತಿತ್ತು ಇಳೀತದೆ ಅಂತ. ಒಂದ್ ಒಳ್ಳೆ ಕೆಲ್ಸ ಮಾಡ್ಬಂದೆ ಕಣೇ ಗಿರಿಜಾ. ನಿಮ್ಮವ್ವನ ಸೀರೆ ಗಂಟು ಇತ್ತಲ್ಲ, ಅದುನ್ನ ಹಳೇಬೀಡಿಗೆ ತಗೊಂಡೋಗಿ, ನಮ್ಮೂರಲ್ಲಿ ಉಡೋಕಿಲ್ದಿರೋ ಆರು ಜನ ಮುದುಕೀರ್ಗೆ ಕೂರ್ಸಿ ಊಟ ಹಾಕಿ ಕೊಟ್ಬಂದೆ. ಹೋದೋರ ಬಟ್ಟೆ ಮನೇಲಿ ಇಟ್ಕೊಂಡ್ರೆ ಅವರ್ಗೆ ಹೋಗೋಕೆ ಮನಸ್ಸು ಬರಾಕಿಲ್ಲ. ಮಗೀನ ಸುತ್ತಾನೇ ಸುತ್ತಾ ಇರ್ತಾರೆ. ನಿಂಗೆ ಇಲ್ಲಿ ಹೇಳೋರು ಯಾರವ್ರೆ? ನಾನೇ ಮಾಡ್ಬುಟ್ಟೆ."

ನನಗೆ ಮೊದಲು ಕೇಳಿಸಲೇ ಇಲ್ಲ. ಒಳಗೆ ಹೋಗಿ ಅಟ್ಟದ ಮೇಲೆ ಕೈಯಾಡಿಸಿದೆ. ಕಾಯಿಗಳು ಗಲಗಲ ಅಂದವು.

ಆಮೇಲೆ ನಾನು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯಲಾರೆ. ಒಂಬತ್ತು ವರ್ಷದಲ್ಲಿ ಮೆತ್ತಗೆ ಮಾಡಿಕೊಂಡಿದ್ದ ನಾಲಿಗೆ ಒಂದೇ ಕ್ಷಣದಲ್ಲಿ ಇಳಕಲ್ಲಿಗೆ ಹೋಯಿತು. "ನಮ್ಮವ್ವ ನನ್ನ ಮಗಳಿಗಿ ಜ್ವರ ತರಾಕಿ ಏನ್ರಿ? ಆಕಿ ನನ್ನ ಮನ್ಯಾಗ ಇದ್ರ ನಿಮಗೇನ ತ್ರಾಸ ಆಗಿತ್ತು? ಕಳುವು ಮಾಡಿದ್ರಿ ನೀವು, ಕಳುವು!" ಎಂದೆ. ನನ್ನ ಮಾತಿಗೆ ಬೀದಿಯವರಿಗೆಲ್ಲ ಅರ್ಥ ಹೇಳುತ್ತಿದ್ದವರಿಗೆ ಅವತ್ತು ನನ್ನ ಮಾತು ಒಂದೂ ಬಿಡದೆ ಅರ್ಥವಾಯಿತು. ಒಳಗೆ ಹೋಗಿ ತಮ್ಮ ಬಾಗಿಲು ಹಾಕಿಕೊಂಡರು.

ನ್ಯಾಯವಾಗಿ ಹೇಳಬೇಕಲ್ಲ: ಅವರು ಕದಿಯಲಿಲ್ಲ. ನಮ್ಮಲ್ಲಿ ಸತ್ತವರ ಬಟ್ಟೆ ಇಟ್ಟುಕೊಳ್ಳುವುದು ಪ್ರೀತಿ, ಅವರಲ್ಲಿ ಕೊಟ್ಟುಬಿಡುವುದು ಪ್ರೀತಿ. ತಮ್ಮ ಸ್ವಂತ ಮಗಳಾಗಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ನನಗೆ ಮಾಡಿದ್ದರು, ಕೈಯಿಂದ ಖರ್ಚು ಹಾಕಿ, ಮಂಡಿನೋವು ಕಟ್ಟಿಕೊಂಡು ಎರಡು ಬಸ್ಸು ಬದಲಾಯಿಸಿ. ಇದೆಲ್ಲ ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕೆಟ್ಟವರಾಗಿದ್ದರೆ ಮನಸಾರೆ ದ್ವೇಷಿಸಬಹುದಿತ್ತು.

ನಾಲ್ಕು ದಿನ ಬಿಟ್ಟು, ಸುಮಾಳನ್ನು ಅವಳ ಅಪ್ಪನ ಹತ್ತಿರ ಬಿಟ್ಟು, ಹಳೇಬೀಡಿನ ಬಸ್ಸು ಹತ್ತಿದೆ. ಚೀಲದಲ್ಲಿ ಆರು ಹೊಸ ಸೀರೆ ಇದ್ದವು. ಹೊಸದು ಕೊಟ್ಟು ಹಳೆಯದು ಕೇಳಿದರೆ ಯಾರು ತಾನೇ ಬೇಡ ಅಂದಾರು? ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಇಲ್ಲಿಯ ಮಾತಿನಲ್ಲಿ ಅಭ್ಯಾಸ ಮಾಡಿಕೊಂಡೆ, ಎಲ್ಲಿಯೂ ದಡಿ ಬಾರದ ಹಾಗೆ.

ಹಳೇಬೀಡಿನಲ್ಲಿ ಇಳಿದು ನಂಜಮ್ಮನ ತವರಿಗೆ ನಡೆದುಕೊಂಡು ಹೊರಟೆ. ದಾರಿಯ ಎರಡೂ ಕಡೆ ರಾಗಿ ಹೊಲ, ಮಳೆ ಬಂದು ಪೈರು ಮೊಣಕಾಲಷ್ಟು ಎದ್ದಿತ್ತು. ಹೆಂಗಸರು ಸಾಲಾಗಿ ಕೂತು ಕಳೆ ಕೀಳುತ್ತಿದ್ದರು. ಅವರ ನಡುವೆ ಕೆಂಪು ಸೆರಗು ಕಂಡಿತು. ದೂರದಿಂದಲೇ ಗೊತ್ತಾಯಿತು. ಅದು ಅವ್ವನ ಕಪ್ಪು ಸೀರೆ, ನನ್ನ ಮದುವೆಯಲ್ಲಿ ಉಟ್ಟದ್ದು. ಬೆನ್ನು ಈ ಕಡೆಗಿತ್ತು. ಒಂದು ಗಳಿಗೆ, ಸುಳ್ಳು ಹೇಳುವುದಿಲ್ಲ, ಯವ್ವಾ ಎಂದು ಕೂಗಲು ಬಾಯಿ ತೆರೆದೆ.

ಆ ಮುದುಕಿ ತಿರುಗಿ ನೋಡಿದಳು. ಬೇರೆ ಮುಖ, ಬೇರೆ ಮೂಗು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. "ಯಾರವ್ವಾ? ಯಾರ್ ಮನೆಗೋಗ್ಬೇಕು?" ಎಂದಳು.

"ಹಿಂಗೇ ಬಂದೆ" ಎಂದೆ. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿತ್ತು. "ಸೀರೆ ಚೆನ್ನಾಗಿದೆ ಅಜ್ಜಿ."

ಅವಳ ಮುಖ ಬೆಳಗಿತು. "ಅಲ್ವಾ? ಯಾರೋ ಪುಣ್ಯಾತ್ಗಿತ್ತಿ ಕೊಟ್ಳು, ದೂರದ ಊರಿಂದಂತೆ. ಎಂಥಾ ಗಟ್ಟಿ ಅಂತೀಯ! ಮೊನ್ನೆ ಬೇಲಿ ಮುಳ್ಳು ಸಿಕ್ಕಾಕ್ಕೊಂಡ್ರೂ ಹರೀಲಿಲ್ಲ. ಮುಟ್ನೋಡು."

ಮುಟ್ಟಿ ನೋಡಿದೆ. ಕೈಗೆ ಮಣ್ಣು, ಬೆವರು, ರಾಗಿ ಪೈರಿನ ಹಸಿ ವಾಸನೆ ಹತ್ತಿತು. ಎಲೆಯಡಿಕೆಯ ವಾಸನೆ ಇರಲಿಲ್ಲ. ಅಂಚಿನ ಹತ್ತಿರ ಅವ್ವ ಕೆಂಪು ದಾರದಲ್ಲಿ ಹಾಕಿದ ರಿಪೇರಿ ಹೊಲಿಗೆ ಹಾಗೇ ಇತ್ತು. ಮುದುಕಿ ತನ್ನ ಬುತ್ತಿ ಬಿಚ್ಚಿ ರಾಗಿ ರೊಟ್ಟಿಯಲ್ಲಿ ಅರ್ಧ ಮುರಿದು, ಹುಚ್ಚೆಳ್ಳು ಚಟ್ನಿ ಹಚ್ಚಿ ನನ್ನ ಕೈಗಿಟ್ಟಳು. ಬದುವಿನ ಮೇಲೆ ಕೂತು ಇಬ್ಬರೂ ತಿಂದೆವು. ನಾನು ಚೀಲದ ಬಾಯಿ ಬಿಚ್ಚಿದೆ, ಮತ್ತೆ ಕಟ್ಟಿದೆ. ಕೇಳಿದ್ದರೆ ಅವಳು ಸಂತೋಷದಿಂದ ಬಿಚ್ಚಿ ಕೊಡುತ್ತಿದ್ದಳು. ನನಗೇ ಬಾಯಿ ಬರಲಿಲ್ಲ. ನಾನು ನಾಲ್ಕು ತಿಂಗಳು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದ ಸೀರೆ ಇಲ್ಲಿ ಕಳೆ ಕೀಳುತ್ತಿತ್ತು, ಊಟ ಹಂಚುತ್ತಿತ್ತು, ಮುಳ್ಳಿಗೆ ಸಿಕ್ಕರೂ ಹರಿಯದೆ ಅಪ್ಪನ ಮರ್ಯಾದೆ ಉಳಿಸುತ್ತಿತ್ತು. ಅದನ್ನು ಆಕೆಯ ಮೈಮೇಲಿಂದ ಬಿಚ್ಚಿಸಿ ತಂದು ಕತ್ತರಿಸುವಷ್ಟು ಕಲ್ಲುಮನಸ್ಸು ನನಗಿರಲಿಲ್ಲ.

ಆರು ಹೊಸ ಸೀರೆ ಹೊತ್ತುಕೊಂಡು ವಾಪಸು ಬಂದೆ. ಉಳಿದ ಐವರನ್ನು ಹುಡುಕಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿಕೊಂಡು ಅತ್ತೆ. ಅವ್ವ ಸತ್ತಾಗ ಮಂದಿಯ ನಡುವೆ ಅತ್ತದ್ದು ಬೇರೆ, ಇದು ಬೇರೆ.

ಆದರೆ ನಂಜಮ್ಮನ ಜೊತೆ ಮಾತಾಡಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಒಂದೇ ಬಚ್ಚಲು, ಒಂದೇ ನಲ್ಲಿ, ಒಂದೇ ಗೇಟು, ಏಳು ತಿಂಗಳು. ಭಾನುವಾರ ರೊಟ್ಟಿ ಬಡಿಯುವುದನ್ನು ಬಿಟ್ಟು ಚಪಾತಿ ಲಟ್ಟಿಸಿದೆ, ಸದ್ದಾಗಬಾರದೆಂದು. ಅವರು ಹಬ್ಬಕ್ಕೆ ಒಬ್ಬಟ್ಟು ಮಾಡಿದರೆ ಸುಮಾಳ ಕೈಯಲ್ಲಿ ಕಳಿಸುತ್ತಿದ್ದರು, ನಾನು ಡಬ್ಬಿ ತೊಳೆದು ಸುಮಾಳ ಕೈಯಲ್ಲೇ ವಾಪಸು ಕೊಡುತ್ತಿದ್ದೆ, ಖಾಲಿ. ನಮ್ಮ ಕಡೆ ಖಾಲಿ ಡಬ್ಬಿ ಕೊಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. "ಮಾತಾಡು, ಮುದುಕಿ ಸೊರಗಿದ್ದಾಳೆ" ಎಂದು ನಮ್ಮ ಮನೆಯವರು ಎರಡು ಸಲ ಹೇಳಿ, ಮೂರನೆಯ ಸಲ ಹೇಳುವುದನ್ನು ಬಿಟ್ಟರು.

ಯುಗಾದಿ ಹತ್ತಿರ ಬಂತು. ವರ್ಷದ ದಿನಕ್ಕೆ ಕೌದಿ ಎಲ್ಲಿಂದ ತರಲಿ? ವೈನಿ ಫೋನಿನಲ್ಲಿ, "ಆತೇನ? ಮಾಮಾ ದಿನಾ ಕೇಳ್ತಾರ" ಎನ್ನುತ್ತಿದ್ದಳು. ಆಗಾಕತ್ತೈತಿ ಎಂದು ಸುಳ್ಳು ಹೇಳಿದೆ. ಒಂದು ದಿನ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಆರು ಸೀರೆ, ಒಗೆದು ಮಡಿಚಿ ಇಟ್ಟದ್ದು. ಎಲ್ಲವೂ ನಂಜಮ್ಮನವು; ಕೌದಿಯ ವಿಷಯ ಅವರಿಗೆ ಸುಮಾಳಿಂದ ತಿಳಿದಿರಬೇಕು. ಸುಮಾ ಅವರ ಕಡೆಯಿಂದ ಮಾತು ತಂದಿದ್ದಳು, ಅವರ ದನಿಯಲ್ಲೇ ಒಪ್ಪಿಸಿದಳು: "ಬದುಕಿರೋಳ ಸೀರೆ, ಯಾವ ದೋಷನೂ ಇಲ್ಲ. ಹೊಲ್ಕೊಳ್ಳೋಕೆ ಹೇಳು ನಿಮ್ಮಮ್ಮಂಗೆ."

ಎರಡು ದಿನ ಅವನ್ನು ಮುಟ್ಟಲಿಲ್ಲ. ಮೂರನೆಯ ದಿನ ಕತ್ತರಿ ತೆಗೆದುಕೊಂಡೆ. ಕ್ಷಮಿಸಿದ್ದರಿಂದ ಅಲ್ಲ, ದಿನ ಉಳಿದಿರಲಿಲ್ಲ. ಪದರ ಹಾಕಿ, ಸುತ್ತ ಅಂಚು ಹಚ್ಚಿ, ಹೊರಗಿನಿಂದ ಒಳಗೆ ಸಾಲು ಸಾಲಾಗಿ ಹೊಲಿಗೆ ಹಾಕುತ್ತಾ ಹೋದೆ. ಕೊನೆಯ ಮೂಲೆ ಮುಚ್ಚುವ ಮೊದಲು ನಮ್ಮಲ್ಲಿ ಕೌದಿಯ ಹೊಟ್ಟೆ ತುಂಬಿಸುತ್ತಾರೆ. ಒಣ ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಮನೆಯಲ್ಲಿ ರೊಟ್ಟಿ ಇರಲಿಲ್ಲವಲ್ಲ, ನಾನೇ ಬಿಟ್ಟಿದ್ದೆ. ಸುಮಾ ಓಡಿಹೋಗಿ ಗೋಡೆಯಾಚೆಯಿಂದ ಒಂದು ಚೂರು ಕೊಬ್ಬರಿ ತಂದಳು. ಯಾರು ಕೊಟ್ಟರೆಂದು ನಾನು ಕೇಳಲಿಲ್ಲ. ಒಳಗಿಟ್ಟು ಹೊಲಿದೆ.

ಇಳಕಲ್ಲಿನ ಮನೆಯಲ್ಲಿ ವರ್ಷದ ಪೂಜೆ ಮುಗಿದು, ಬಂದವರೆಲ್ಲ ಉಂಡು ಹೋದ ಮೇಲೆ, ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ವೈನಿ ಕೌದಿ ಬಿಡಿಸಿದವಳು ನನ್ನತ್ತ ತಿರುಗಿ ನೋಡಿದಳು. ಕಣ್ಣಿದ್ದವರಿಗೆ ಗೊತ್ತಾಗುವುದೇ. ಅಪ್ಪನಿಗೆ ಕಾಣುವುದಿಲ್ಲ, ಹೇಳದಿದ್ದರಾಯಿತು ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ತೊಡೆಯ ಮೇಲೆ ಹರಡಿದೆ. ಅಪ್ಪ ಅಂಗೈ ಆಡಿಸಿದ. ಬೆರಳಿನ ತುದಿ ಅಂಚಿನ ಗುಂಟ ನಡೆದು, ಏನನ್ನೋ ಹುಡುಕಿ, ಸಿಗದೆ, ಮತ್ತೆ ಹಿಂದಕ್ಕೆ ಬಂತು. ಸೆರಗು ಸೇರಿಸಿದ ಕೊಂಡಿ ಹುಡುಕುತ್ತಿದ್ದಾನೆಂದು ನನಗೆ ತಿಳಿಯಿತು.

"ಇದು ನನ್ನ ನೇಯ್ಗಿ ಅಲ್ಲ" ಎಂದ.

ಎಲ್ಲವನ್ನೂ ಹೇಳಿದೆ. ಜ್ವರ, ಗಂಟು, ಹೊಲ, ಮುಳ್ಳಿಗೆ ಹರಿಯದ ಸೀರೆ. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಪ್ಪ ಬೈಯಲಿಲ್ಲ. ಅವನ ಬೆರಳು ಮೂಲೆಗೆ ಬಂದು ನಿಂತಿತು.

"ಇಲ್ಲೇನೈತಿ?"

"ಕೊಬ್ಬರಿ. ರೊಟ್ಟಿ ಇರಲಿಲ್ಲ."

"ಕೌದಿ ಹೊಟ್ಟಿಗಿ ಕೊಬ್ಬರಿ ಹಾಕ್ತಾರೇನ ಹುಚ್ಚಿ? ಇರವಿ ಮುತ್ತತಾವ." ಅವನು ನಕ್ಕ. ಅವ್ವ ಹೋದ ಮೇಲೆ ಅಪ್ಪ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. "ಆ ಯಮ್ಮನ ಜೋಡಿ ಮಾತಾಡಿದೇನ?"

"ಇಲ್ಲ."

"ಎಷ್ಟ ದಿನಾತು?"

"ಏಳು ತಿಂಗಳ."

ಅಪ್ಪ ಕೌದಿಯ ಮೂಲೆಯನ್ನು ಬೆರಳಿನಿಂದ ಸವರಿದ. "ನಿಮ್ಮವ್ವನ ಜೋಡಿ ನಾ ಒಮ್ಮಿ ಹನ್ನೊಂದ ದಿನ ಮಾತ ಬಿಟ್ಟಿದ್ದೆ. ಒಂದ ಸೀರಿ ಬಣ್ಣದ ಸಲುವಾಗಿ. ಈಗ ಕುಂತು ಕುಂತು ಅದನ್ನ ನೆನಸ್ತೀನಿ. ಆ ಹನ್ನೊಂದ ದಿನ ಯಾರ ತಂದ ಕೊಡ್ತಾರ ನನಗ?" ಎಂದ. ಆಮೇಲೆ, "ಫೋನ್ ಹಚ್ಚು ಆಕಿಗಿ" ಎಂದ.

ಅಂಗಳಕ್ಕೆ ಹೋಗಿ ಫೋನು ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು. ಅವರ ಮನೆಯ ಗಡಿಯಾರದ ಸದ್ದು ಕೇಳುತ್ತ ನಿಂತೆ.

"ನಿಮ್ಮಪ್ಪಂಗೆ ಗೊತ್ತಾಯ್ತೇನೇ?" ಎಂದರು ಕೊನೆಗೆ. ದನಿ ಸಣ್ಣದಾಗಿತ್ತು.

"ಆಯ್ತು."

"ಬೈದ್ರಾ ನನ್ನ?"

"ಇಲ್ಲ. ಕೌದಿ ಹೊದ್ದುಕೊಂಡು ಕೂತಿದ್ದಾರೆ."

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು. "ನಂಗೆ ತಿಳೀಲಿಲ್ಲ ಕಣೇ. ತಿಳ್ದಿದ್ರೆ ಮಾಡ್ತಿದ್ನಾ? ಯಾವಾಗ ಬತ್ತೀಯ?"

"ಎಂಟೇ ದಿನ" ಎಂದೆ. "ಎಂಟು ದಿನಕ್ಕೆ ಬಂದುಬಿಡ್ತೀನಿ, ಅಳಬೇಡಿ."

ಒಳಗೆ ಬಂದೆ. ಅಪ್ಪ ಕೌದಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡು ಬಾಗಿಲ ಕಡೆಗೆ ಮುಖ ಮಾಡಿ ಕೂತಿದ್ದ.

"ಯಾವಾಗ ಹೊಂಟಿ?" ಎಂದ.

"ಇನ್ನೂ ಎಂಟ ದಿನ ಇರ್ತೀನಪ್ಪ" ಎಂದೆ. "ಎಂಟ ದಿನ ಅಂದ್ರ ಬಾಳಾತು."